ಪೈಪಿನ ಬಾಯಿಗೆ ನಾ ಇಟ್ಟ ಮಣ್ಣು

ಅದಲ್ಲವ್ವ ಪೂಜಾ, ಅದು ದೊಡ್ಡ ಡ್ಯಾಮು. ನೀವು ಸಾಲಿ ಟ್ರಿಪ್ಪಿಗೆ ಹೋಗಿ, ಭಜಿ ತಿಂದು, ಫೋಟೋ ತಗಸ್ಕೊಂಡು ಬಂದ್ರಲ್ಲ, ಅದಕ್ಕ ಗೇಟ್ ಅದಾವ, ನೀರು ಬಿಡೂ ಮುಂದ ಒದರೂ ಭೋಂಗಾ ಅದ, ಕಾಯಾಕ ಪೊಲೀಸ್ರು ಅದಾರ. ನಾ ಹೇಳೂದು ಮಣ್ಣಿಂದು. ನಿಮ್ಮಜ್ಜ, ನಾನು, ನಮ್ಮ ಗ್ಯಾಂಗಿನ ಮಂದಿ ಕೂಡಿ ಕಟ್ಟಿದ್ದು. ಏ ಸಾಗರ, ಯಾಕ ನಗ್ತಿ? ನಿಮ್ಮ ಆಯಿ ಈಗ ಸೊಂಟ ಹಿಡ್ಕೊಂಡು ಏಳ್ತಾಳ ಅಂತ ಆವಾಗೂ ಹಿಂಗೇ ಇದ್ಲು ಅನ್ಕೊಂಡಿ ಏನು? ತಲಿ ಮ್ಯಾಲೆ ಮಣ್ಣಿನ ಬುಟ್ಟಿ ಇಟ್ಕೊಂಡು ಏರಿ ಹತ್ತಿದೆ ಅಂದ್ರ ಹಿಂದಿನ ಗಂಡಸ್ರು ಉಸ್ಸಂತಿದ್ರು. ಇರ್ಲಿ. ಸಣ್ಣ ಡ್ಯಾಮು ಅದು, ಈ ತುದಿಗೆ ನಿಂತು ಕೂಗಿದ್ರ ಆ ತುದಿಗೆ ಕೇಳ್ತಿತ್ತು. ಪುಣೆ ಬಾಜೂಕಿನ ಸಾಸವಡದಿಂದ ಒಳಗ, ಗುಡ್ಡದ ಕಡೆ. ಊರ ಹೆಸರು ಬ್ಯಾಡ ಬಿಡ್ರಿ, ಆ ಮಂದಿ ಇನ್ನಾ ಅದಾರ. ಅಲ್ಲೊಂದು ಹಳ್ಳ ಅದ. ಬ್ಯಾಸಗಿಯೊಳಗ ನೋಡಿದ್ರ ಅದರಾಗ ಕತ್ತೆಗೋಳು ಮಲಗಿರ್ತಿದ್ವು, ಮಳಿ ಬಂತಂದ್ರ ಒಂದೇ ತಾಸಿನ್ಯಾಗ ಎರಡಾಳು ನೀರು. ಗುಡ್ಡದ ನೀರೆಲ್ಲಾ ಒಮ್ಮಿಗೇ ಇಳೀತದಲ್ಲ, ತಳಗಿನ ವಸ್ತಿಯೊಳಗ ಹೊಕ್ಕು ಕಾಳು-ಕಡಿ, ಕೋಳಿ, ಹಾಸಿಗಿ ಎಲ್ಲಾ ಎತ್ಕೊಂಡು ಹೋಗ್ತಿತ್ತು. ಅದಕ್ಕ ಸರಕಾರದವ್ರು ಮ್ಯಾಲೆ ಗುಡ್ಡದ ಸಂದಿಯೊಳಗ ಅಡ್ಡ ಒಂದು ಮಣ್ಣಿನ ಒಡ್ಡು ಹಾಕಬೇಕು ಅಂತ ಮಾಡಿದ್ರು.

ಇದು ತೊಂಬತ್ತರ ಮ್ಯಾಲಿನ ಮಾತು. ತೊಂಬತ್ತೆರಡು... ಅಲ್ಲ, ನಿಮ್ಮಪ್ಪ ಇನ್ನಾ ಅಂಬೆಗಾಲು ಇಡ್ತಿದ್ದ, ತೊಂಬತ್ತೊಂದೇ ಇರಬೇಕು. ನಾವು ಯಾದಗಿರಿ ಕಡಿಂದ ಹನ್ನೆರಡು ಮನಿಯವ್ರು ಗ್ಯಾಂಗ್ ನಡಸೂ ಮುಕಾದಮನ ಹಿಂದ ಬಂದಿದ್ವಿ. ಅಲ್ಲಿನ ಮಂದಿಗೆ ನಮ್ಮ ಕೆಲಸ ಗೊತ್ತಿತ್ತು ನೋಡು, ಮಣ್ಣಿನ ಕೆಲಸ ಅಂದ್ರ ಕಾನಡಿ ಮಂದಿನ್ನ ಕರೀರಿ ಅಂತಿದ್ರು. ನೀವು ಮಣ್ಣ ಒಟ್ಟಿದ್ರ ಡ್ಯಾಮ್ ಆಗ್ತದ ಅನ್ಕೊಂಡೀರಿ. ಹಂಗ ಆಗಾಂಗಿಲ್ಲ. ಮೊದಲು ನಡುವ ತೆಗ್ಗು ತಗದು, ಗಟ್ಟಿ ನೆಲ ಹತ್ತೂಮಟ ಅಗದು, ಅದರೊಳಗ ಕರೀ ಎರಿ ಮಣ್ಣು ತುಂಬಬೇಕು. ಆ ಮಣ್ಣನ್ನ ಹಿಂದಿನ ದಿನ ನೀರಾಗ ನೆನಸಿ, ಕಾಲಿಲೆ ತುಳಿದು ತುಳಿದು, ಜೋಳದ ರೊಟ್ಟಿ ಹಿಟ್ಟು ನಾದ್ತೀವಲ್ಲ, ಆ ಹದಕ್ಕ ತರಬೇಕು. ಬೆರಳು ಒತ್ತಿದ್ರ ಗುರುತು ಮೂಡಬೇಕು, ಬೆರಳಿಗೆ ಅಂಟಬಾರದು. ಆಮ್ಯಾಲೆ ಗೇಣು ಗೇಣು ಹಾಸೂದು, ಕುಟ್ಟೂದು, ಮತ್ತ ಹಾಸೂದು, ಮತ್ತ ಕುಟ್ಟೂದು. ಬಯಲಾಗ ರೋಲರ್ ಓಡ್ತಿತ್ತು, ಪೈಪಿನ ಬಾಜೂಕ ರೋಲರ್ ಹೋಗಾಂಗಿಲ್ಲ, ಅಲ್ಲಿ ಕೈಲೇ ಧುಮ್ಮಸ ಹಾಕಬೇಕು. ಧುಮ್ಮಸ ಅಂದ್ರ ಉದ್ದನ ಹಿಡಿಗೆ ಕಬ್ಬಿಣದ ಗಡ್ಡಿ, ಎತ್ತಿ ಎತ್ತಿ ಕುಟ್ಟೂದು. ನಿಮ್ಮಜ್ಜ ಭೀಮಣ್ಣನ ಕೈ ಆ ಕೆಲಸಕ್ಕ ಹೆಸರಾಗಿತ್ತು. ಹದ ಮಾಡೂದಕ್ಕ ನನ್ನ ಕಾಲು. ಮುಕಾದಮ ಬ್ಯಾರೆ ಹೆಂಗಸ್ರಿಗೆ ಹೇಳ್ತಿದ್ದ, "ಮಾಳವ್ವ ತುಳಿದ ಮಣ್ಣು ನೋಡಿ ಬರ್ರಿ, ಆಕಿ ಮಣ್ಣಿನ್ಯಾಗ ಹನಿ ನೀರು ದಾಟಾಂಗಿಲ್ಲ" ಅಂತ. ನಾ ಉಬ್ಬಿ ಹೋಗ್ತಿದ್ದೆ. ಆ ಉಬ್ಬಿದ್ದು ಆಮ್ಯಾಲೆ ಏನು ಮಾಡ್ತು ಕೇಳ್ರಿ.

ಕೆಲಸ ಮುಗಿಯೂ ಹೊತ್ತಿಗೆ ಸಾಹೇಬ್ರು ಬಂದ್ರು. ಇಂಜಿನಿಯರ್ ಸಾಹೇಬ್ರು, ತಲಿಗೆ ಟವಲ್ ಕಟ್ಕೊಂಡು ನಮ್ಮ ಜೋಡಿನೇ ಚಹಾ ಕುಡಿಯೂ ಮನಷ್ಯಾ. ಅವ್ರು ಹೇಳಿದ್ದೆಲ್ಲಾ ಮರಾಠಿಯೊಳಗ. ನಿಮಗ ಮರಾಠಿ ನನಗಿಂತ ಛಲೋ ಬರ್ತದ, ಖರೆ, ಆದ್ರ ನನಗ ನೆನಪು ಕನ್ನಡದಾಗೇ ಬರ್ತಾವ, ಹಂಗೇ ಹೇಳ್ತೀನಿ. ಡ್ಯಾಮಿನ ತಳದಾಗ ಒಂದು ಸಿಮೆಂಟ್ ಪೈಪ್ ಇಟ್ಟಿದ್ವಿ, ಈ ಕಡಿಂದ ಆ ಕಡಿಗೆ, ಒಳಗಿನ ಬಾಯಿಗೆ ಕಬ್ಬಿಣದ ಜಾಳಿ. ಅದಕ್ಕ ಗೇಟಿಲ್ಲ, ಮುಚ್ಚಳಿಲ್ಲ, ಏನಿಲ್ಲ. ನಾ ಕೇಳಿದೆ, "ಸಾಹೇಬ್ರ, ಇದಕ್ಕ ಬಾಗಿಲಾ ಯಾವಾಗ ಕೂಡ್ಸ್ತೀರಿ?" ಅವ್ರು ನಕ್ಕರು. "ಮಾಳವ್ವ, ಇದಕ್ಕ ಬಾಗಿಲಾ ಇಲ್ಲ. ಈ ಡ್ಯಾಮು ನೀರು ಇಡಾಕಲ್ಲ, ನೀರು ತಡ್ಯಾಕ. ದೊಡ್ಡ ಮಳಿ ಬಂದಾಗ ನೀರು ಇಲ್ಲಿ ಬಂದು ನಿಂದರ್ತದ, ಪೈಪಿನಿಂದ ಸಾವಕಾಶ ಹೋಗ್ತದ, ವಸ್ತಿಗೆ ತ್ರಾಸಿಲ್ಲ. ಎರಡು ದಿವಸದಾಗ ಮತ್ತ ಖಾಲಿ. ಇದು ಖಾಲಿ ಇದ್ರೇನೇ ಇದರ ಕೆಲಸ." ನಾ ನಿಮ್ಮಜ್ಜನ ಮಾರಿ ನೋಡಿದೆ, ನಿಮ್ಮಜ್ಜ ನನ್ನ ಮಾರಿ ನೋಡಿದ. ಖಾಲಿ ಇರೂ ಡ್ಯಾಮು! ಇಷ್ಟು ಮಂದಿ ಆರು ತಿಂಗಳು ಮಣ್ಣ ಹೊತ್ತು ಖಾಲಿ ಇಡಾಕ ಕಟ್ಟೀವೇನು? ಅವತ್ತ ಜ್ವಾಪಡಿಗೆ ಬಂದು ಇಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ಕಿವಿ. ಸಾಹೇಬ್ರು ಓದಿದವ್ರು, ಅವ್ರ ತಲಿ ಬ್ಯಾರೆ ಅಂತ.

ಗ್ಯಾಂಗಿನವ್ರು ಮುಂದಿನ ಕೆಲಸಕ್ಕ ಹೋದ್ರು, ನಿಮ್ಮಜ್ಜನ್ನ ಮಾತ್ರ ಸಾಹೇಬ್ರು ಅಲ್ಲೇ ಇಟ್ಕೊಂಡ್ರು, ವಾಚ್‌ಮನ್ ಅಂತ. ನಮ್ಮ ವಂಶದಾಗ ಮೊದಲನೇ ನೌಕರಿ ಅದು, ತಿಳೀತಾ? ಊರೂರು ತಿರುಗೂದಿಲ್ಲ, ಒಂದೇ ಕಡೆ ಇರೂದು. ಮೊದಲ ಸಲ ನಾ ಕಲ್ಲಿನ ಒಲಿ ಬಿಟ್ಟು ಮಣ್ಣಿನ ಒಲಿ ಹಾಕಿದೆ, ಯಾಕಂದ್ರ ಮಣ್ಣಿನ ಒಲಿ ಹಾಕಬೇಕಂದ್ರ ಆ ಜಾಗಾದಾಗ ನಾಕು ದಿನ ಇರ್ತೀವಿ ಅಂತ ಧೈರ್ಯ ಬೇಕು. ಕೆಲಸ ಏನಂದ್ರ, ಏರಿ ಮ್ಯಾಲೆ ಗಿಡ-ಗಂಟಿ ಬೆಳೀದಂಗ ನೋಡೂದು, ಇಲಿ ಹೆಗ್ಗಣ ತೂತು ಮಾಡಿದ್ರ ಮುಚ್ಚೂದು, ಮಳಿ ಬಂದು ಹ್ವಾದ ಮ್ಯಾಲೆ ಜಾಳಿಗೆ ಸಿಕ್ಕ ಕಸ ತಗ್ಯೂದು. ಅಷ್ಟ. ನಮ್ಮ ಜ್ವಾಪಡಿ ಎತ್ತರದಾಗ, ತಳಗ ಹಳ್ಳದ ದಂಡಿಗೆ ವಸ್ತಿ. ಅಲ್ಲೇ ಸಖೂಬಾಯಿ ಮನಿ. ಎರಡು ಎಮ್ಮಿ, ಗಂಡ ಸದಾ ದಮ್ಮಿನ ಬ್ಯಾನಿ, ಆಕೀನೇ ಹಾಲು ಹಾಕಿ ಮನಿ ನಡಸ್ತಿದ್ಲು. ಬಾಯಿ ಅಂದ್ರ ಬಾಯಿ, ಊರ ಪಾಟೀಲನ್ನೂ ಬಿಡ್ತಿರಲಿಲ್ಲ. ಮೊದಲ ದಿನ ನಿಮ್ಮಪ್ಪ ಹಸದು ಅಳೂದು ಕೇಳಿ ಗಡಗಿಯೊಳಗ ಹಾಲು ತಂದು, "ಅಗಂ, ಮೊದಲು ಕೂಸಿಗೆ ಕುಡಸು, ಆಮ್ಯಾಲೆ ನಿನ್ನ ಹೆಸರು ಹೇಳು" ಅಂದ್ಲು. ನನಗ ಮರಾಠಿ ಕಲಿಸಿದ್ದು ಆಕಿ. ಬೈಗಳಾ ಮೊದಲು, ಉಳಿದಿದ್ದು ಆಮ್ಯಾಲೆ.

ಮೊದಲನೇ ವರ್ಷ ಡ್ಯಾಮು ಸಾಹೇಬ್ರು ಹೇಳಿದಂಗೇ ನಡೀತು. ದೊಡ್ಡ ಮಳಿ ಬಂತು, ನೀರು ಬಂದು ನಿಂತು, ಎರಡು ದಿನಕ್ಕ ಇಳೀತು, ವಸ್ತಿಯೊಳಗ ಒಬ್ಬರ ಚಪ್ಪಲಿನೂ ತೋಯಲಿಲ್ಲ. ಮಂದಿಗೆ ಧೈರ್ಯ ಬಂತು. ಸಖೂಬಾಯಿ ಮ್ಯಾಲಿನ ಇಕ್ಕಟ್ಟು ದನದ ಕೊಟಗಿ ಬಿಟ್ಟು ಹಳ್ಳದ ದಂಡಿಗೆ, ಸಪಾಟ ಜಾಗಾದಾಗ, ಎಮ್ಮಿಗೆ ಹೊಸಾ ಗೋಠಾ ಹಾಕಿದ್ಲು. "ಈಗ ನಮ್ಮ ಭೀಮಾ ಮ್ಯಾಲೆ ಕುಂತಾನ, ಹಳ್ಳದ ಅಂಜಿಕಿ ಯಾಕ?" ಅಂದ್ಲು. ಕೇಳಿದ್ರಾ? ನಮ್ಮ ಮ್ಯಾಲಿನ ನಂಬಿಕಿ ಮ್ಯಾಲೆ ಆಕಿ ಗೋಠಾ ಹಾಕಿದ್ದು.

ಎರಡನೇ ವರ್ಷ. ಇಲ್ಲಿ ನನ್ನ ಬುದ್ಧಿಗೆ ಏನಾತು ಅಂದ್ರ... ಹೆಂಗ ಹೇಳ್ಲಿ ನಿಮಗ, ನೀವು ನಳಾ ತಿರುವಿದ್ರ ನೀರು ಬರೂದನ್ನ ನೋಡಿ ಬೆಳದ ಹುಡುಗ್ರು. ನಮ್ಮೂರಾಗ ನಾ ಸಣ್ಣಾಕಿ ಇದ್ದಾಗ ಹಳ್ಳದ ಉಸುಕಿನ್ಯಾಗ ವರತಿ ತೋಡ್ತಿದ್ವಿ. ಮೊಳಕಾಲುದ್ದ ತೆಗ್ಗು, ಅದರ ತಳದಾಗ ನೀರು ಬಸೀತಿತ್ತು, ತಂಬಿಗಿ ತುಂಬೂಮಟ ಕುಂತು ಕಾಯೂದು. ನಾ, ನಮ್ಮವ್ವ, ನಮ್ಮಕ್ಕ, ಸರತಿ ಹಚ್ಚಿ. ಅರ್ಧ ತಂಬಿಗಿ ಚೆಲ್ಲಿದೆ ಅಂತ ನಮ್ಮವ್ವ ಒಮ್ಮೆ ಮುಂಜಾನಿಂದ ಸಂಜಿತನಕ ಮಾತಾಡ್ಸಿರಲಿಲ್ಲ. ಅಂಥಾಕಿ ಮುಂದ ಅಷ್ಟು ದಪ್ಪ ಪೈಪಿನಿಂದ ಹಗಲು-ರಾತ್ರಿ ನೀರು ಭೊರ್ ಅಂತ ಹೋಗೂದಂದ್ರ! ಮಿರಗ ಮಳಿ ಬಿತ್ತು, ಮೊದಲನೇ ನೀರು ಬಂತು, ಮೊಳಕಾಲಮಟ ನಿಂತು ಇಳ್ಯಾಕ ಹತ್ತಿತ್ತು. ನಿಮ್ಮಜ್ಜ ಇರಲಿಲ್ಲ, ಇಂದಾಪುರ ಕಡೆ ಇಟ್ಟಂಗಿ ಭಟ್ಟಿಯೊಳಗಿದ್ದ ಅವನ ತಮ್ಮಗ ಜ್ವರ ಅಂತ ನೋಡಾಕ ಹೋಗಿದ್ದ. ನಾ ಒಬ್ಬಾಕಿ ಏರಿ ಮ್ಯಾಲೆ ಕುಂತು ನೋಡಿದೆ, ನೋಡಿದೆ, ಎದ್ದೆ. ಎರಿ ಮಣ್ಣು ತಂದು ತುಳಿದೆ. ಹದ ಮಾಡಿದೆ. ಎರಡು ಗೋಣಿ ಚೀಲಾ ಮಡಚಿ ಜಾಳಿಗೆ ಒತ್ತಿ ಇಟ್ಟು, ಅದರ ಮ್ಯಾಲೆ ಮಣ್ಣಿನ ಉಂಡಿ, ಉಂಡಿ ಮ್ಯಾಲೆ ಉಂಡಿ, ನೀರಾಗೇ ನಿಂತು ಕೈಲೇ ಗುದ್ದಿ ಗುದ್ದಿ ಕೂಡ್ಸಿದೆ, ಮ್ಯಾಲೆ ಕಲ್ಲು ಹೊರಸಿದೆ. ಆ ಕಡೆ ಹೋಗಿ ನೋಡಿದ್ರ ಪೈಪ್ ಒಣಗಿತ್ತು. ಹನಿ ಇಲ್ಲ! ಎಂಥಾ ಖುಷಿ ಆತು ಅಂತೀರಿ, ನಾ ಒಬ್ಬಾಕೀನೇ ಕುಣಿದೆ.

ನಿಮ್ಮಜ್ಜ ನಾಕು ದಿನಕ್ಕ ಬಂದ. ಅಷ್ಟರಾಗ ಮತ್ತೊಂದು ಮಳಿ ಆಗಿ ಎದಿಮಟ ನೀರು. "ಏನಿದು? ಜಾಳಿಗೆ ಕಸ ಸಿಕ್ತೇನು?" ಅಂದ. "ಕಸ ಅಲ್ಲ, ನಾನು" ಅಂದೆ. ಮಾರಿ ಕೆಂಪಗ ಮಾಡಿದ. "ಹುಚ್ಚಿ, ಸಾಹೇಬ್ರು ಏನ ಹೇಳಿದ್ರು, ಕಿವ್ಯಾಗ ಹೋಗ್ಲಿಲ್ಲೇನು?" ಅಂದಾಂವ ಕಬ್ಬಿಣದ ಹಾರಿ ತಗೊಂಡು ನೀರಿಗೆ ಇಳದ. ಇಳದಿದ್ದ! ಅವತ್ತ ಹಾರಿಲೆ ನಾಕು ಸಲ ತಿವಿದಿದ್ರ ಮುಗೀತಿತ್ತು. ನಾ ಹೋಗಿ ಅವನ ಕೈ ಹಿಡ್ಕೊಂಡೆ. "ನೋಡ್ರಿ, ಒಂದು ಸಲ ನೋಡ್ರಿ ಅದನ್ನ. ನಮ್ಮೂರಾಗ ಇಷ್ಟು ನೀರು ಯಾವಾಗರೆ ಕಂಡೀರಾ? ಶ್ರಾವಣ ಮುಗೀಲಿ, ಆಮ್ಯಾಲೆ ತಗದುಬಿಡೂಣು" ಅಂದೆ. ಅಂವ ನೋಡಿದ. ಅಂವನೂ ವರತಿ ನೀರು ಕುಡದು ಬೆಳದಾಂವ ಅಲ್ಲೇನು? ನೀರಿನ ಮ್ಯಾಲೆ ಗಾಳಿ ಆಡ್ತಿತ್ತು, ಬೆಳ್ಳಕ್ಕಿ ಬಂದು ಇಳಿದಿದ್ವು. "ಎರಡು ದಿವಸ, ಅಷ್ಟ" ಅಂದ. ಎರಡು ದಿವಸ ಆದ ಮ್ಯಾಲೆ ಅಂವ ಹಾರಿ ಕೇಳಲಿಲ್ಲ, ನಾನೂ ಕೊಡಲಿಲ್ಲ.

ಡ್ಯಾಮು ತುಂಬೇ ಬಿಡ್ತು. ವಸ್ತಿಯ ಬಾವಿಗೆ ನೀರು ಏರಿತು, ಹೆಣ್ಣಮಕ್ಕಳು ಅರವಿ ಒಗ್ಯಾಕ ಬಂದ್ರು, ಸಖೂಬಾಯಿ ಎಮ್ಮಿ ಹೊಡ್ಕೊಂಡು ಬಂದು ನೀರಾಗ ಬಿಟ್ಟು, "ನೋಡ ನನ್ನ ರಾಣಿಗೋಳ ಹೆಂಗ ಮಲಗ್ಯಾವ" ಅಂತಿದ್ಲು. ಎಲ್ಲಾರೂ ಅಂದಿದ್ದು ಈ ವರ್ಷ ಮಳಿ ಛಲೋ ಆತು ಅಂತ. ಪೈಪಿನ ಸುದ್ದಿ ಯಾರಿಗೆ ಬೇಕು, ಅದು ನೀರಿನ ತಳಗ ಮುಳುಗಿ ಹೋಗಿತ್ತು. ತುಂಬಿದ ನೀರಿಗೆ ಉಡಿ ತುಂಬೂ ಪದ್ಧತಿ ನಮ್ಮಲ್ಲೂ ಅದ, ಅವ್ರಲ್ಲೂ ಅದ. ಒಂದು ಶುಕ್ರವಾರ ನಾನೂ ಸಖೂಬಾಯಿ ಕೂಡಿ ಹಸಿರು ಖಣ, ಕೊಬ್ಬರಿ ಬಟ್ಟಲ, ಅರಿಷಿಣ-ಕುಂಕುಮ ಹಿಡ್ಕೊಂಡು ಹೋಗಿ ಗಂಗವ್ವಗ ಉಡಿ ತುಂಬಿದ್ವಿ. ಆಕಿ ನನ್ನ ಹಣಿಗೂ ಕುಂಕುಮ ಹಚ್ಚಿದ್ಲು. ಖಾಲಿ ಇರಬೇಕಾದ ಡ್ಯಾಮಿಗೆ ತುಂಬಿದ್ದಕ್ಕ ಪೂಜಿ ಮಾಡಿದ್ವಿ ನೋಡ್ರಿ, ನಮ್ಮ ತಿಳುವಳಿಕಿ ಅಷ್ಟ.

ಗಣಪತಿ ಕಳಸಿ ವಾರ ಆಗಿತ್ತು. ಹ್ವಾದ ಮಳಿ ತಿರುಗಿ ಬಂತು. ಎರಡು ದಿನ ಜಿನುಗು, ಮೂರನೇ ದಿನ ಮುಂಜಾನಿಂದ ಗುಡ್ಡದ ಮ್ಯಾಲೆ ಕರಿಕಂಬಳಿ ಹೊಚ್ಚಿದಂಗ ಮೋಡ. ಹೊಡೀತು ನೋಡ್ರಿ. ಬಾಜೂದಾಗ ಹೆಚ್ಚಿನ ನೀರು ಹೋಗಾಕ ಕಲ್ಲು ಹಾಸಿದ ಕೋಡಿ ಇತ್ತು, ಅದು ಮೊದಲು ಗೇಣು ಹರೀತು, ಆಮ್ಯಾಲೆ ಮೊಳ, ಮಧ್ಯಾಹ್ನ ಆಗೂದ್ರಾಗ ಆಳುದ್ದ. ಗುಡ್ಡದಿಂದ ಎಷ್ಟು ನೀರು ಬರ್ತಿತ್ತೋ ಅಷ್ಟೂ ಕೋಡಿ ಹಾರಿ ವಸ್ತಿ ಕಡೆ. ತಡ್ಯಾಕ ಡ್ಯಾಮಿನ್ಯಾಗ ಜಾಗಾನೇ ಇಲ್ಲ, ನಾ ಅದನ್ನ ಮೊದಲೇ ತುಂಬಿಸಿ ಇಟ್ಟಿದ್ದೆನಲ್ಲ! ಸಾಹೇಬ್ರ ಮಾತು ನನಗ ಆವಾಗ ತಿಳೀತು. ನಿಮ್ಮಜ್ಜ ಸೊಂಟಕ್ಕ ಹಗ್ಗ ಕಟ್ಕೊಂಡ, ತುದಿ ನನ್ನ ಕೈಯಾಗ ಕೊಟ್ಟ, ಹಾರಿ ಹಿಡ್ಕೊಂಡು ಮುಳುಗಿದ. ಮ್ಯಾಲೆ ಬಂದ, ಉಸರು ತಗೊಂಡ, ಮತ್ತ ಮುಳುಗಿದ. "ಏನ್ರಿ, ಬಂತಾ?" ಅಂದ್ರ ತಲಿ ಅಲುಗಾಡ್ಸಿದ. ಮೂರನೇ ಸಲ ಭಾಳ ಹೊತ್ತು ಬರಲಿಲ್ಲ. ನಾ ಚೀರಕೋತ ಹಗ್ಗ ಜಗ್ಗಿದೆ. ಬಂದ, ಕೈಯಾಗ ಹಿಡಿ ಗೋಣಿ ನಾರು, ಎಡಗಿವಿಯಿಂದ ರಕ್ತ. "ಆಗಾಂಗಿಲ್ಲ. ನೀರಿನ ಭಾರಕ್ಕ ಇನ್ನಾ ಗಟ್ಟಿ ಆಗ್ಯದ. ಕಲ್ಲಾಗ್ಯದ" ಅಂದ. ಹನಿ ನೀರು ದಾಟಾಂಗಿಲ್ಲ ಅಂತಿದ್ದ ಮುಕಾದಮ, ದಾಟಲಿಲ್ಲ ಅದು. ಆ ಕಿವಿ ಹೋಗಿದ್ದು ಹಂಗ. ನಿಮ್ಮಜ್ಜಗ ಎಡಗಡಿಂದ ಕರದ್ರ ಕೇಳ್ತಿರಲಿಲ್ಲ ಅಂತ ನಿಮ್ಮಪ್ಪ ಸಣ್ಣಾಂವ ಇದ್ದಾಗ ಆಡ್ಕೊಂಡು ನಗ್ತಿದ್ದ, ನಾ ನಗ್ತಿರಲಿಲ್ಲ.

ನಿಮ್ಮಜ್ಜ ಹಂಗೇ ರಕ್ತ ಒರಸ್ಕೋತ ವಸ್ತಿಗೆ ಓಡಿದ. "ಏ ಏಳ್ರಿ, ಸಾಲಿ ಹತ್ರ ಹೋಗ್ರಿ, ಪಾಣೀ ಆಲಂ, ಪಾಣೀ ಆಲಂ" ಅಂತ ಮನಿ ಮನಿಗೆ. ಕೂಸು-ಕುನ್ನಿ, ಮುದುಕ್ರು ಎಲ್ಲಾರೂ ಎತ್ತರಕ್ಕ ಹತ್ತಿದ್ರು. ನಾನೂ ನಿಮ್ಮಪ್ಪನ್ನ ಬಗಲಾಗ ಹಾಕ್ಕೊಂಡು ಅಲ್ಲಿಗೇ ಓಡಿದೆ. ಸಖೂಬಾಯಿ ಬರಲಿಲ್ಲ. ಗೋಠಾದಾಗ ಎಮ್ಮಿ ಕಣ್ಣಿ ಬಿಚ್ಚಾಕ ಹೋಗಿದ್ಲು. ಹಗ್ಗ ತೊಯ್ದು ಗಂಟು ಬಿಗದುಬಿಟ್ಟಿತ್ತು, ಬಿಚ್ಚಲಿಲ್ಲ. ಆಕಿ ಹಲ್ಲಿಲೆ ಕಡೀತಿದ್ಲಂತ, ನೀರು ಎದಿಗೆ ಬಂದ್ರೂ ಬಿಡವಲ್ಲಳು. ನಿಮ್ಮಜ್ಜ ಹಿಂದಿಂದ ಆಕಿ ರಟ್ಟಿ ಹಿಡದು, ಎಳದು, ಹೆಗಲ ಮ್ಯಾಲೆ ಹಾಕ್ಕೊಂಡು ಬಂದ. ನಾವೆಲ್ಲಾ ಸಾಲಿ ಕಟ್ಟಿ ಮ್ಯಾಲೆ ನಿಂತು ನೋಡಿದ್ವಿ. ಎರಡೂ ಎಮ್ಮಿ, ತಲಿ ಮ್ಯಾಲೆ ಎತ್ತಿ, ನಮ್ಮ ಕಡೇನೇ ಮಾರಿ ಮಾಡಿ ಒದರ್ತಿದ್ವು. ಆಮ್ಯಾಲೆ ಒದರಲಿಲ್ಲ. ಸಖೂಬಾಯಿ ನನ್ನ ಹೆಗಲಿಗೆ ಹಣಿ ಹಚ್ಚಿ ಅತ್ತಳು, ನಾ ಆಕಿ ಬೆನ್ನ ಸವರಿದೆ. ಇದೇ ಕೈಲೆ, ನೋಡ್ರಿ, ಇದೇ ಕೈಲೆ.

ಮಂದಿ ಯಾರೂ ಸಾಯಲಿಲ್ಲ. ಡ್ಯಾಮೂ ಒಡೀಲಿಲ್ಲ, ನಾವು ಅಷ್ಟು ಗಟ್ಟಿ ಕಟ್ಟಿದ್ವಿ. ಆದ್ರ ಆರು ಮನಿ ಗೋಡಿ ಕುಂತ್ವು, ಕಾಳು ಕೊಳೀತು, ಸಖೂಬಾಯಿ ಅನ್ನದ ದಾರೀನೇ ಹೋತು. ಸಾಹೇಬ್ರು ಡಿಸೆಲ್ ಇಂಜಿನ್ ಹಚ್ಚಿ ನೀರು ತಗಸಾಕ ಹತ್ತಿದ್ರು. ನೀರು ಇಳದು ಪೈಪಿನ ಬಾಯಿ ಹತ್ರ ಹತ್ರ ಬರೂ ಹೊತ್ತಿಗೆ, ಸಾಹೇಬ್ರು ಊಟಕ್ಕ ಸಾಸವಡಕ್ಕ ಹೋದಾಗ, ನಿಮ್ಮಜ್ಜ ಇಳದು ಹಾರಿಲೆ ಆ ಮಣ್ಣು ಒಡದು, ಚೀಲಾ ಎಳದು, ಗುರುತು ಇಲ್ಲದಂಗ ಮಾಡಿ, ಅಲ್ಲೇ ನಾಕು ಟೊಂಗಿ, ಕಸ ತಂದು ಜಾಳಿಗೆ ಸಿಗಸಿ ಇಟ್ಟ. ಸಾಹೇಬ್ರು ಬಂದ್ರು. "ಭೀಮಾ, ಇದೇನು?" "ಕಸ ಸಿಕ್ಕಿತ್ತು ಸಾಹೇಬ, ಮೊದಲ ಮಳಿಯಿಂದ ನಾ ತಗೀಲಿಲ್ಲ. ನನ್ನ ತಪ್ಪು." ಸುಳ್ಳ ಅನ್ನೂದು ಬಾಯಾಗ ಬರದ ಮನಷ್ಯಾ, ಅವತ್ತ ತಲಿ ತಗ್ಗಿಸಿ ಹಂಗ ಅಂದ. ನಾ ಮೂರು ಮಾರು ದೂರ ನಿಂತಿದ್ದೆ. ಮೂರು ಮಾರು. ಬಾಯಿ ತಗದಿದ್ರ ಸಾಕಿತ್ತು. ಸಾಹೇಬ್ರಿಗೆ ಸಿಟ್ಟಿಗಿಂತ ದುಃಖ ಭಾಳ ಆಗಿತ್ತು. "ನಿನಗ ಇದೊಂದೇ ಕೆಲಸ ಕೊಟ್ಟಿದ್ದೆನಲ್ಲೋ" ಅಂದ್ರು. ನೌಕರಿ ಹೋತು.

ಈಗ ಕೇಳ್ರಿ, ಯಾವ ಮಾತು ನನ್ನ ಇಷ್ಟು ವರ್ಷ ಮಲಗಗೊಟ್ಟಿಲ್ಲ ಅಂತ. ನೌಕರಿ ಹೋತು ಅನ್ನೂದು ಗೊತ್ತಾಗಿ ಸಖೂಬಾಯಿ ಬರಿಗಾಲಿಲೆ ಓಡಿ ಬಂದ್ಲು. ನಾ ಅಂದ್ಕೊಂಡೆ ಬೈತಾಳ ಅಂತ. ಆಕಿ ಸೀದಾ ಸಾಹೇಬ್ರ ಜೀಪಿನ ಮುಂದ ಹೋಗಿ ನಿಂತು, "ಸಾಹೇಬ, ಎಮ್ಮಿ ಹೋಗಿದ್ದು ನಂದು, ಬೈಯೂದಿದ್ರ ನಾ ಬೈಬೇಕು. ಕಸ ಬಂದ್ರ ಅಂವ ಏನ ಮಾಡ್ತಾನ? ಅಂವ ನನ್ನ ಜೀವ ಉಳಿಸ್ಯಾನ. ಅವನ್ನ ತಗೀಬ್ಯಾಡ್ರಿ" ಅಂತ ಕೈ ಮುಗದ್ಲು. ಪಾಟೀಲಗೂ ಕೈ ಮುಗೀದಾಕಿ ನಮ್ಮ ಸಲುವಾಗಿ ಕೈ ಮುಗದ್ಲು, ಮತ್ತ ನಾ ಆಕಿ ಹಿಂದ ಸೆರಗು ಬಾಯಾಗ ತುರುಕ್ಕೊಂಡು ನಿಂತೆ. ನಾವು ಗಂಟು ಕಟ್ಟೂ ದಿನ ಒಂದು ಅರವಿಯೊಳಗ ಐದು ಬಾಜರಿ ಭಾಕರಿ, ನಮ್ಮ ಸಜ್ಜಿ ರೊಟ್ಟಿ ಇದ್ದಂಗ, ಬೆಳ್ಳುಳ್ಳಿ ಚಟ್ನಿ ಕಟ್ಟಿಕೊಟ್ಲು. ಆಕಿ ಮನ್ಯಾಗ ಹಿಟ್ಟೂ ತೊಯ್ದಿತ್ತು, ಯಾರ ಮನಿಂದ ಕಡ ತಂದಿದ್ಲೋ. ಪುಣೆ ಮುಟ್ಟೂಮಟ ಆ ಗಂಟು ನನ್ನ ತೊಡಿ ಮ್ಯಾಲೆ ಇತ್ತು, ನಂಗ ಒಂದು ತುತ್ತೂ ಇಳೀಲಿಲ್ಲ.

ಇಲ್ಲಿ ಬಂದು ಸೆಂಟ್ರಿಂಗ್ ಕೆಲಸ, ಸಿಮೆಂಟಿನ ಕೆಲಸ, ಸಿಕ್ಕಿದ್ದೆಲ್ಲಾ ಮಾಡಿದ್ವಿ. ಬಿಲ್ಡಿಂಗ್ ಏಳೂಮಟ ಅದರ ಕಾಲಾಗ ತಗಡಿನ ಪತ್ರಾದ ಮನಿ, ಎದ್ದ ಮ್ಯಾಲೆ ಮತ್ತೊಂದು ಕಡೆ. ಮಣ್ಣಿನ ಒಲಿ ನಾ ಮತ್ತ ಹಾಕಲಿಲ್ಲ. ನಿಮ್ಮಜ್ಜಗ ಮ್ಯಾಲಿಂದ ಕೂಗಿದ್ದು ಕೇಳ್ತಿರಲಿಲ್ಲ, ಅದಕ್ಕ ಮೇಸ್ತ್ರಿಗೋಳು ಬೈತಿದ್ರು, ಎತ್ತರದ ಕೆಲಸಕ್ಕ ತಗೋತಿರಲಿಲ್ಲ. ಒಂದು ದಿನಾನೂ "ನಿನ್ನಿಂದ" ಅನ್ಲಿಲ್ಲ ಆ ಮನಷ್ಯಾ. ಜಗಳಾಡ್ತಿದ್ವಿ, ಇಲ್ಲಂತಲ್ಲ, ಉಪ್ಪಿಗೆ ಜಗಳ, ಬೀಡಿಗೆ ಜಗಳ. ಆ ಮಾತು ಮಾತ್ರ ತಗೀಲಿಲ್ಲ. ಒಂದೇ ಸಲ, ಊಟಕ್ಕ ಕುಂತಾಗ, "ಮಾಳಿ, ನಾ ಸಾಹೇಬ್ರಿಗೆ ಸುಳ್ಳು ಹೇಳಿದ್ದು ನೌಕರಿ ಮಾತು, ಅದು ಬಿಡು. ಆದ್ರ ಸಖೂಬಾಯಿಗೆ ನೀ ಹೇಳ್ತಿ ಅನ್ಕೊಂಡಿದ್ದೆ" ಅಂದ. ನಾ "ಹೋಗಿ ಹೇಳಿ ಬರ್ತೀನಿ" ಅಂದೆ. ದಸರಾಕ್ಕ ಹೋಗ್ತೀನಿ, ಸಂಕ್ರಾಂತಿಗೆ ಹೋಗ್ತೀನಿ. ಹೋಗಲಿಲ್ಲ. ನಿಮ್ಮಜ್ಜ ತೀರಿಕೊಂಡ, ಎರಡು ಸಾವಿರದ ಐದೋ ಆರೋ. ತಿಥಿ ಮುಗಿದ ಮ್ಯಾಲೆ ಮನ್ಯಾಗ ಕುಂತ್ರ ಆ ಮಾತೊಂದೇ ಕಿವ್ಯಾಗ.

ಹುಡುಕಿಸಿದೆ. ಸಖೂಬಾಯಿ ನೀರು ಬಂದ ವರ್ಷಾನೇ ಊರ ಬಿಟ್ಟು ಮಗನ ಕೂಡ ಕುರಕುಂಭಕ್ಕ ಹೋಗಿದ್ಲಂತ, ಎಮ್ಮಿ ಸಾಕಿದಾಕಿ ಫ್ಯಾಕ್ಟರಿಯೊಳಗ ಕಸ ಹೊಡ್ಯಾಕ. ಎಸ್‌ಟಿ ಬಸ್ ಹತ್ತಿ ಹೋದೆ. ಸಣ್ಣ ಮನಿ, ಔಷಧದ ವಾಸನಿ ಗಾಳಿಯೊಳಗ. ಆಕಿ ಮೊರದಾಗ ಅಕ್ಕಿ ಆರಿಸ್ಕೋತ ಕುಂತಿದ್ಲು, ಮುದುಕಿ ಆಗಿದ್ಲು, ಕೈ ನಡಗ್ತಿದ್ವು. ನನ್ನ ನೋಡಿ, "ಅಗಬಾಯಿ, ಮಾಳಾ!" ಅಂತ ಎದ್ದು ತಬ್ಕೊಂಡ್ಲು. ಸೊಸಿನ್ನ ಕರದು, "ನಾ ಹೇಳ್ತಿರ್ತೀನಲ್ಲ ಭೀಮಾ, ನೀರಿನ್ಯಾಗಿಂದ ನನ್ನ ಎತ್ಕೊಂಡು ಬಂದಾಂವ, ಅವನ ಹೆಂಡ್ತಿ ಇಕಿ. ಕಾಲಿಗೆ ಬೀಳು" ಅಂದ್ಲು. ಆ ಹುಡುಗಿ ಬಂದು ನನ್ನ ಕಾಲಿಗೆ ಬಿತ್ತು. ಇನ್ನ ನನ್ನ ಕೈಲೆ ತಡೀಲಿಕ್ಕೆ ಆಗಲಿಲ್ಲ. ಸೊಸಿ ಚಹಾಕ್ಕ ಒಳಗ ಹ್ವಾದ ಕೂಡ್ಲೆ ಎಲ್ಲಾ ಹೇಳಿದೆ. ಮಣ್ಣು ತುಳಿದದ್ದು, ಗೋಣಿ ಇಟ್ಟಿದ್ದು, ಹಾರಿ ಹಿಡಿದ ಕೈ ಹಿಡಿದದ್ದು, ನಿಮ್ಮಜ್ಜ ಸುಳ್ಳು ಹೇಳಿದ್ದು, ಎಲ್ಲಾ.

ಆಕಿ ಕೈ ಮೊರದಾಗೇ ನಿಂತುಬಿಡ್ತು. ಆಮ್ಯಾಲೆ, "ಅವತ್ತ್ಯಾಕ ಹೇಳಲಿಲ್ಲ?" ಅಂದ್ಲು. "ಅಂಜಿದ್ದೆ" ಅಂದೆ. "ಅವತ್ತ ಹೇಳಿದ್ರ ಅವತ್ತ ನಿನ್ನ ಜುಟ್ಟ ಹಿಡದು ನಾಕು ಹೊಡೀತಿದ್ದೆ. ಊರೆಲ್ಲಾ ಕೇಳೂವಂಗ ಬೈತಿದ್ದೆ. ಆರು ತಿಂಗಳು ಮಾತ ಬಿಡ್ತಿದ್ದೆ. ಆಮ್ಯಾಲೆ ನಾನೇ ಭಾಕರಿ ತಗೊಂಡು ಬರ್ತಿದ್ದೆ. ಈಗ ಬಂದೀಯಲ್ಲ ಮಾಳಾ, ಈಗ ಈ ಕೈಲೆ ಯಾರನ್ನ ಹೊಡೀಲಿ?" ಅಂತ ಆ ನಡಗೂ ಕೈ ನನ್ನ ಮುಂದ ಹಿಡದ್ಲು. ಸೊಸಿ ಚಹಾ ತಂದ್ಲು, ಇಬ್ಬರೂ ಕುಡದ್ವಿ. ಆಕಿ ಸೊಸಿ ಮುಂದ ಏನೂ ಅನ್ಲಿಲ್ಲ. ಎಸ್‌ಟಿ ಸ್ಟಾಪಿಗೆ ನನ್ನ ಜೋಡಿ ಬಂದ್ಲು, ಬಸ್ ಬರೂಮಟ ನಿಂತ್ಲು. ಅವ್ರಲ್ಲಿ ಮನಿಗೆ ಬಂದವ್ರಿಗೆ "ಪುನ್ಹಾ ಯೇ" ಅಂತಾರ, ಮತ್ತ ಬಾ ಅಂತ, ವೈರಿಗೂ ಅಂತಾರ. ಬಸ್ಸಿನ ಕಿಟಕಿಯಿಂದ ನಾ ಆಕಿ ಬಾಯೇ ನೋಡ್ಕೋತ ಕುಂತೆ. ಅನ್ಲಿಲ್ಲ ಆಕಿ. ಎರಡು ವರ್ಷಕ್ಕ ತೀರಿಕೊಂಡ್ಲು ಅಂತ ಸುದ್ದಿ ಬಂತು.

ಅಳಬ್ಯಾಡ ಪೂಜಾ, ಹಳೇ ಮಾತು ಅದು. ತಪ್ಪು ನೀವೂ ಮಾಡ್ತೀರಿ, ಮಾಡದ ಮನಷ್ಯಾರು ಯಾರದಾರ? ಮಾಡಿದ ದಿವಸಾನೇ ಹೋಗಿ ಹೇಳಿಬಿಡ್ರಿ. ಬೈಸ್ಕೊಳ್ರಿ, ಎರಡೇಟು ತಿನ್ರಿ, ಉಂಡು ಮಲಗ್ರಿ. ಹೊಡ್ಯಾಕ ಅವ್ರ ಕೈಯಾಗ ಶಕ್ತಿ ಇರೂಮಟ ಹೇಳಬೇಕು ನೋಡ್ರಿ, ಅಷ್ಟ.